ಮರಕ್ಕೆ ಒರಗಿಸಿಟ್ಟ ಕೋವಿ

ಕೊಪ್ಪದ ಕಡೆಯ ನಮ್ಮ ಮನೆಯಲ್ಲಿ ಜೋಡಿ ನಳಿಗೆಯ ಕೋವಿ ಇದ್ದದ್ದು ಅಪ್ಪಯ್ಯನ ಕೋಣೆಯ ಬಾಗಿಲ ಹಿಂದೆ, ಎರಡು ಗೂಟಗಳ ಮೇಲೆ. ಬೆಳೆ ರಕ್ಷಣೆಗೆಂದು ಅಜ್ಜನ ಕಾಲದಲ್ಲಿ ಸಿಕ್ಕ ಪರವಾನಗಿ ಅದು. ಚುನಾವಣೆ ಘೋಷಣೆಯಾದರೆ ಗೋಣಿತಾಟಿನಲ್ಲಿ ಸುತ್ತಿ ಠಾಣೆಗೆ ಒಪ್ಪಿಸಬೇಕು, ಫಲಿತಾಂಶ ಬಂದ ಮೇಲೆ ಚೀಟಿ ತೋರಿಸಿ ಬಿಡಿಸಿಕೊಂಡು ಬರಬೇಕು. ಗದ್ದೆಗೆ ಹಂದಿ ನುಗ್ಗಿದ ರಾತ್ರಿಗಳಲ್ಲಿ ಅಪ್ಪಯ್ಯ ಆಕಾಶಕ್ಕೆ ಒಂದು ಈಡು ಹೊಡೆಯುತ್ತಿದ್ದರು. ತೋಟೆಗಳು ಬೇರೆ ಪೆಟ್ಟಿಗೆಯಲ್ಲಿ, ಬೀಗದೊಳಗೆ. ನನಗೆ ಹದಿನಾರು ತುಂಬಿದಾಗ ಅವರು ಕೋವಿಯನ್ನು ಮಡಚಿ ನಳಿಗೆಯೊಳಗೆ ಬೆಳಕು ಕಾಣುವಂತೆ ಹಿಡಿದು ಹೇಳಿದ್ದು ಒಂದೇ ಮಾತು: "ಖಾಲಿ ಇದೆ ಅಂತ ಯಾರು ಹೇಳಿದರೂ ನಂಬಬೇಡ ಮಗಳೇ, ನಿನ್ನ ಕಣ್ಣೇ ನೋಡಬೇಕು."

ಆ ಮಾತನ್ನು ಹೊತ್ತುಕೊಂಡು ನಾನು ಅಲಾಸ್ಕಾಕ್ಕೆ ಬಂದೆ. ಆಂಕರೇಜ್ ಊರಿನಲ್ಲಿ ನನಗೆ ಲೆಕ್ಕಪತ್ರದ ಕೆಲಸ, ನಮ್ಮವರಿಗೆ, ಅಂದರೆ ನನ್ನ ಗಂಡನಿಗೆ, ನಕ್ಷೆ ತಯಾರಿಸುವ ಕಂಪನಿಯೊಂದರಲ್ಲಿ ಕೆಲಸ. ಮೀನಿನ ಹುಚ್ಚು ಇಬ್ಬರಿಗೂ ಮೊದಲಿನಿಂದಲೂ ಇತ್ತು. ಮಲೆನಾಡಿನಲ್ಲಿ ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೀನು ಹತ್ತಿ ಬರುವುದನ್ನು ಕಂಡವರಿಗೆ ಇಲ್ಲಿನ ಸಾಲ್ಮನ್ ಮೀನು ಕಡಲಿನಿಂದ ನದಿಗೆ ಹತ್ತುವುದು ಹೊಸದಾಗಿ ಕಾಣುವುದಿಲ್ಲ. ಅದೇ ಹತ್ತುಮೀನು, ಆದರೆ ಒಂದೊಂದೂ ಎರಡು ಮೂರು ಕಿಲೋ. ಜೂನ್‌ನಲ್ಲಿ ಒಂದು ಸಲ, ಜುಲೈ ನಡುವಿನಿಂದ ಇನ್ನೊಂದು ಸಲ ಸಾಕೈ ಸಾಲ್ಮನ್ ಕೀನಾಯ್ ನದಿಯಿಂದ ರಷ್ಯನ್ ರಿವರ್ ಎಂಬ ಉಪನದಿಗೆ ಹತ್ತುತ್ತದೆ. ಆಂಕರೇಜ್‌ನಿಂದ ಅಲ್ಲಿಗೆ ಸುಮಾರು 160 ಕಿಲೋಮೀಟರ್. ಎರಡು ನದಿ ಸೇರುವ ಜಾಗದಲ್ಲಿ ಜನ ಭುಜಕ್ಕೆ ಭುಜ ತಾಗಿಸಿ ನಿಂತು ಗಾಳ ಹಾಕುತ್ತಾರೆ. ಆ ಮೀನಿಗಾಗಿ ಕರಡಿಗಳೂ ಬರುತ್ತವೆ. ಕಪ್ಪು ಕರಡಿ ಬರುತ್ತದೆ, ಕಂದು ಕರಡಿಯೂ ಬರುತ್ತದೆ. ಅಲಾಸ್ಕಾದಲ್ಲಿ ಕಂದು ಕರಡಿಗಳೇ ಸುಮಾರು 30,000 ಇವೆ ಎನ್ನುವುದು ರಾಜ್ಯದ ವನ್ಯಜೀವಿ ಇಲಾಖೆಯ ಅಂದಾಜು. ಊರಿನಲ್ಲಿ ಕರಡಿ ಎಂದರೆ ನೂರು ಕಿಲೋ ಆಸುಪಾಸಿನ, ಗೆದ್ದಲು ಬಗೆಯುವ ಪ್ರಾಣಿ. ಇಲ್ಲಿ ಮೀನು ತಿಂದು ಕೊಬ್ಬಿದ ಗಂಡು ಕಂದು ಕರಡಿ 400 ಕಿಲೋ ದಾಟುವುದುಂಟು.

ಹಾಗಾಗಿ ಕೋವಿ ಬೇಕು ಎಂದು ನಾನು ಹೇಳಿದೆ. ನಮ್ಮವರು ಬೇಡ ಎಂದರು. ಕರಡಿ ಸ್ಪ್ರೇ, ಅಂದರೆ ಮೆಣಸಿನ ಮದ್ದನ್ನು ಮೋಡದಂತೆ ಚಿಮ್ಮಿಸುವ ಡಬ್ಬಿ, ಸಾಕು ಎಂಬುದು ಅವರ ಪಕ್ಷ.

ವೀಸಾ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಇಲ್ಲಿಗೆ ಬಂದ ಭಾರತೀಯರಲ್ಲಿ ಹಲವರಿಗೆ ಇದು ಗೊತ್ತಿರುವುದಿಲ್ಲ. ಎಚ್-1ಬಿ ಮುಂತಾದ ತಾತ್ಕಾಲಿಕ ವೀಸಾದಲ್ಲಿರುವವರು ಅಮೆರಿಕದಲ್ಲಿ ಬಂದೂಕು ಹೊಂದುವಂತಿಲ್ಲ. ಕಾನೂನು ಕೊಡುವ ವಿನಾಯಿತಿಗಳಲ್ಲಿ ಮುಖ್ಯವಾದದ್ದು ಚಾಲ್ತಿಯಲ್ಲಿರುವ ಯಾವುದಾದರೂ ರಾಜ್ಯದ ಬೇಟೆ ಪರವಾನಗಿ. ಗೆಳೆಯರೊಬ್ಬರ ಬಂದೂಕನ್ನು ಅಭ್ಯಾಸದ ಮೈದಾನದಲ್ಲಿ ಹತ್ತು ನಿಮಿಷ ಹಿಡಿಯುವುದೂ ಕಾನೂನಿನ ಕಣ್ಣಿಗೆ ಹೊಂದಿರುವುದೇ. ಇದನ್ನು ತಿಳಿಯದೆ ಫೋಟೊ ತೆಗೆಸಿಕೊಂಡವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ನಾವು ಗ್ರೀನ್ ಕಾರ್ಡ್ ಬರುವವರೆಗೆ ಕಾದೆವು. ಆಮೇಲೆ ಅಂಗಡಿಯಲ್ಲಿ 4473 ಎಂಬ ನಮೂನೆ ತುಂಬಿ, ಕಾರ್ಡಿನ ಸಂಖ್ಯೆ ಬರೆದು, ಅಲಾಸ್ಕಾದ ವಿಳಾಸವಿರುವ ಗುರುತಿನ ಚೀಟಿ ಕೊಟ್ಟೆ. ಅಂಗಡಿಯವರು ನನ್ನ ಹಿನ್ನೆಲೆಯನ್ನು ಎಫ್‌ಬಿಐಗೆ ವಿಚಾರಿಸಿದಾಗ "ತಡವಾಗುತ್ತದೆ" ಎಂಬ ಉತ್ತರ ಬಂತು. ವಾರ ಬಿಟ್ಟು ಒಪ್ಪಿಗೆ ಸಿಕ್ಕಿತು. ಠಾಣೆ, ತಹಶೀಲ್ದಾರ್, ಜಿಲ್ಲಾಧಿಕಾರಿ ಎಂದು ಅಜ್ಜ ಸುತ್ತಿದ ಕಥೆ ಕೇಳಿ ಬೆಳೆದವಳಿಗೆ ಅಷ್ಟು ಸಲೀಸಾಗಿ ಕೋವಿ ಕೈಗೆ ಬಂದದ್ದು ಸಮಾಧಾನಕ್ಕಿಂತ ಹೆಚ್ಚಾಗಿ ಭಾರವನ್ನೇ ತಂದಿತು. ಇಲ್ಲಿ ನನ್ನನ್ನು ತಡೆದು ಕೇಳುವವರು ಯಾರೂ ಇರಲಿಲ್ಲ. ಎಲ್ಲವನ್ನೂ ನಾನೇ ಕೇಳಿಕೊಳ್ಳಬೇಕಿತ್ತು.

ಮೊದಲ ಸಲ ನಾನು ಆರಿಸಿದ್ದು 12 ಬೋರಿನ (ಬೋರು ಎಂದರೆ ನಳಿಗೆಯ ಅಗಲದ ಅಳತೆ) ಪಂಪ್ ಶಾಟ್‌ಗನ್, ಮಾಸ್‌ಬರ್ಗ್ 500. ನಳಿಗೆಯ ಕೆಳಗಿನ ಪಂಪನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿ ತೋಟೆ ಏರಿಸುವ ಕೋವಿ ಅದು. ಊರಿನ ಕೋವಿಯೂ 12 ಬೋರೇ. ತೋಟೆಯ ಗಾತ್ರ ಕೈಗೆ ಗೊತ್ತು, ಒದೆತ ಹೆಗಲಿಗೆ ಗೊತ್ತು. ಅಪ್ಪಯ್ಯ ಹಂದಿಗೆ ಎಲ್‌ಜಿ ತೋಟೆ ಹಾಕುತ್ತಿದ್ದರು, ಅಂದರೆ ದಪ್ಪ ಚರೆ. ಕರಡಿಗೆ ಚರೆ ನಡೆಯುವುದಿಲ್ಲ ಎಂದು ಅಂಗಡಿಯ ಹಿರಿಯರು ಬಿಡಿಸಿ ಹೇಳಿದರು. ಚರೆ ಚರ್ಮ, ಕೊಬ್ಬು, ಮಾಂಸ ದಾಟಿ ಎಲುಬಿಗೆ ತಲುಪುವಷ್ಟರಲ್ಲಿ ಸೋತುಹೋಗುತ್ತದೆ. ಬೇಕಾದದ್ದು ಒಂಟಿ ಗುಂಡಿನ ತೋಟೆ, ಇಲ್ಲಿನವರು ಸ್ಲಗ್ ಎನ್ನುವುದು. ಸಾಮಾನ್ಯವಾದ ಒಂದು ಔನ್ಸ್ ಗುಂಡು ಎಂದರೆ 28 ಗ್ರಾಂ ಸೀಸ. ಅದರಲ್ಲೂ ಮೆದು ಸೀಸದ್ದು ತಾಗಿದ ಕೂಡಲೇ ಚಪ್ಪಟೆಯಾಗಿ ಅಲ್ಲಿಯೇ ನಿಲ್ಲುತ್ತದೆ. ಗಟ್ಟಿ ಸೀಸದ, ಬ್ರೆನೆಕೆ ಮಾದರಿಯ ಗುಂಡು ಎಲುಬು ಮುರಿದು ಒಳಕ್ಕೆ ಹೋಗುತ್ತದೆ. ಕರಡಿಯನ್ನು ನಿಲ್ಲಿಸುವುದು ಸದ್ದಲ್ಲ, ಗಾಯವೂ ಅಲ್ಲ. ಎಷ್ಟು ಆಳಕ್ಕೆ ಇಳಿಯಿತು, ಎಲ್ಲಿಗೆ ಇಳಿಯಿತು ಎಂಬುದೊಂದೇ ಲೆಕ್ಕ.

ನನ್ನ ತೋಳು ಗಿಡ್ಡ. ಹಿಡಿಯನ್ನು ಹೆಗಲಿಗೆ ಕೊಟ್ಟರೆ ಮುಂದಿನ ಕೈ ಪಂಪಿನ ತುದಿಗೆ ನೀಟಾಗಿ ಎಟುಕುತ್ತಿರಲಿಲ್ಲ. ಕೋವಿ ರಿಪೇರಿಯವರ ಹತ್ತಿರ ಹಿಡಿಯನ್ನು ಒಂದೂವರೆ ಅಂಗುಲ ಕತ್ತರಿಸಿ ರಬ್ಬರ್ ಕೂರಿಸಿಕೊಂಡು ಬಂದೆ. ಆ ಚಳಿಗಾಲವಿಡೀ ಮೈದಾನಕ್ಕೆ ಹೋಗಿ ಹದಿನೈದು ಗಜ ದೂರದ ಹಲಗೆಗೆ ಹೊಡೆದೆ. ಹದಿನೈದು ಗಜವೇ ಏಕೆಂದರೆ, ಅಮೆರಿಕದ ಅರಣ್ಯ ಸೇವೆಯವರು ಕರಡಿ ನಾಡಿನ ಸುರಕ್ಷತೆಯ ಬಗ್ಗೆ 1983ರಲ್ಲಿ ಪ್ರಕಟಿಸಿದ ವರದಿಯಲ್ಲಿ ಗುಂಡುಗಳನ್ನು ಪರೀಕ್ಷಿಸಿದ್ದು ಅದೇ ದೂರದಿಂದ. ಜೀವ ಉಳಿಸಿಕೊಳ್ಳುವ ದೂರ ಅಷ್ಟೇ. ಅದಕ್ಕಿಂತ ದೂರದಲ್ಲಿರುವ ಕರಡಿ ಇನ್ನೂ ಬರುತ್ತಿದೆಯೋ ನೋಡುತ್ತಿದೆಯೋ ಎಂದೇ ತಿಳಿದಿರುವುದಿಲ್ಲ. ಮಾರ್ಚ್ ಹೊತ್ತಿಗೆ ನಾಲ್ಕು ಗುಂಡಿನಲ್ಲಿ ನಾಲ್ಕೂ ಹಲಗೆಗೆ ತಾಗುತ್ತಿದ್ದವು. ನಾನು ಸಿದ್ಧಳಾದೆ ಎಂದು ನಂಬಿದೆ.

ಆ ಜುಲೈ ಕೊನೆಯ ವಾರ, ಸಂಜೆ ಒಂಬತ್ತು ಗಂಟೆ. ಬಿಸಿಲು ಇನ್ನೂ ಬೆಟ್ಟದ ಮೇಲೆ ಇತ್ತು. ಜನಸಂದಣಿ ಬೇಡವೆಂದು ನಾವು ರಷ್ಯನ್ ರಿವರಿನ ಮೇಲ್ಭಾಗಕ್ಕೆ ನಡೆದು ಹೋಗಿದ್ದೆವು. ಜೊತೆಗೆ ನಮ್ಮ ಪಕ್ಕದ ಮನೆಯ ಅಜ್ಜಿ ಇದ್ದರು. ಕೀನಾಯ್ ಸೀಮೆಯಲ್ಲೇ ಹುಟ್ಟಿ ಬೆಳೆದವರು, ಎಪ್ಪತ್ತು ದಾಟಿದವರು. ಮೊಣಕಾಲಿನ ನೀರಿನಲ್ಲಿ ನಿಂತು ಗಾಳ ಎಸೆಯುವಾಗ ಮೂರು ಕಿಲೋ ಭಾರದ ಕೋವಿ ಬೆನ್ನಿನ ಮೇಲೆ ಜಾರುತ್ತದೆ, ಪಟ್ಟಿ ತೋಳಿಗೆ ಸಿಕ್ಕಿಕೊಳ್ಳುತ್ತದೆ. ಅರ್ಧ ಗಂಟೆ ತಾಳಿಕೊಂಡೆ. ಆಮೇಲೆ ದಡದ ಸ್ಪ್ರೂಸ್ ಮರಕ್ಕೆ ಒರಗಿಸಿಟ್ಟೆ. ಹನ್ನೆರಡು ಹೆಜ್ಜೆ. ಹಿಡಿದ ಎರಡು ಮೀನುಗಳನ್ನು ಹಗ್ಗಕ್ಕೆ ಪೋಣಿಸಿ ದಡದ ಬೇರಿಗೆ ಕಟ್ಟಿ ನೀರಿನಲ್ಲಿ ಬಿಟ್ಟಿದ್ದೆ.

ಮೂರನೆಯ ಮೀನು ಗಾಳಕ್ಕೆ ಬಿದ್ದು ನೀರನ್ನು ಬಡಿಯುತ್ತಿದ್ದಾಗ ಅಜ್ಜಿ ತಗ್ಗಿದ ದನಿಯಲ್ಲಿ "ದಾರ ಕತ್ತರಿಸು" ಎಂದರು. ನನಗೆ ಅರ್ಥವಾಗಲಿಲ್ಲ. ಅವರು ನನ್ನ ಹಿಂದೆ ನೋಡುತ್ತಿದ್ದರು. ತಿರುಗಿದೆ. ಪೊದೆಯಿಂದ ಕಂದು ಕರಡಿಯೊಂದು ದಡಕ್ಕೆ ಬಂದಿತ್ತು, ಹಿಂದೆ ಎರಡು ಮರಿ. ಅದು ನಿಂತದ್ದು ನನಗೂ ನನ್ನ ಕೋವಿಗೂ ನಡುವೆ.

ಮೀನು ನೀರು ಬಡಿಯುವ ಸದ್ದು ಕರಡಿಗೆ ಊಟದ ಕರೆ. ಅದಕ್ಕೇ ಕತ್ತರಿಸಬೇಕಿತ್ತು. ನಮ್ಮವರು ಕೈ ಚಾಚಿ ದಾರ ಕತ್ತರಿಸಿದರು. ಮೂವರೂ ಒತ್ತಾಗಿ ನಿಂತೆವು, ಅಡ್ಡಕ್ಕೆ ಹೆಜ್ಜೆ ಹಾಕುತ್ತಾ ಹೊಳೆಯ ಕೆಳಮುಖಕ್ಕೆ ಸರಿದೆವು. ಅಜ್ಜಿ ಪಕ್ಕದ ಮನೆಯವರೊಡನೆ ಮಾತನಾಡುವ ದನಿಯಲ್ಲೇ ಕರಡಿಯೊಡನೆ ಮಾತನಾಡುತ್ತಿದ್ದರು. ನಮ್ಮವರ ಕೈಯಲ್ಲಿ ಸ್ಪ್ರೇ ಡಬ್ಬಿ, ಕ್ಲಿಪ್ ತೆಗೆದದ್ದು. ತಾಯಿ ಕರಡಿ ಬಾಯಿ ಕಟಕಟಿಸಿತು, ಒಂದು ಸಲ ದೀರ್ಘವಾಗಿ ಉಸಿರು ಬಿಟ್ಟಿತು. ಆಮೇಲೆ ಬಗ್ಗಿ, ನಾನು ಕಟ್ಟಿದ್ದ ಹಗ್ಗವನ್ನು ಎಳೆದು, ಎರಡು ಮೀನುಗಳನ್ನೂ ಕಚ್ಚಿಕೊಂಡು ಮರಿಗಳೊಂದಿಗೆ ಪೊದೆಗೆ ಹೋಯಿತು. ಒಂದು ಮರಿ ಹೋಗುವ ದಾರಿಯಲ್ಲಿ ಕೋವಿಯ ಹಿಡಿಯನ್ನು ಮೂಸಿತು.

ಇಡೀ ಘಟನೆ ಒಂದು ನಿಮಿಷವೂ ಇರಲಿಕ್ಕಿಲ್ಲ. ನಾನು ನಡುಗಿದ್ದು ಕಾರಿನೊಳಗೆ ಕುಳಿತ ಮೇಲೆ.

ಮನೆಗೆ ಬಂದು ಮೂರು ದಿನ ನನ್ನನ್ನು ಕಾಡಿದ್ದು ಭಯವಲ್ಲ, ಆ ಎರಡು ಮೀನು. ರಷ್ಯನ್ ರಿವರಿನ ದಡದಲ್ಲೆಲ್ಲ ಫಲಕಗಳಿವೆ: ಚೀಲ, ಮೀನು, ತಿಂಡಿ ಎಲ್ಲವನ್ನೂ ಕೈಗೆಟಕುವಷ್ಟು ಹತ್ತಿರ ಇಟ್ಟುಕೊಳ್ಳಿ, ಮೀನು ಸೀಳಿದ ಮೇಲೆ ಮುಳ್ಳನ್ನು ಸಣ್ಣದಾಗಿ ತುಂಡರಿಸಿ ಹರಿವ ನೀರಿನ ನಡುವಿಗೆ ಎಸೆಯಿರಿ ಎಂದು. ನಾನು ಓದಿದ್ದೆ, ಪಾಲಿಸಲಿಲ್ಲ. ಮನುಷ್ಯರು ನಿಂತಲ್ಲಿ ಕಟ್ಟಿಟ್ಟ ಊಟ ಸಿಗುತ್ತದೆ ಎಂದು ಒಬ್ಬ ತಾಯಿಗೂ ಇಬ್ಬರು ಮಕ್ಕಳಿಗೂ ಕಲಿಸಿದವಳು ನಾನು. ಹಾಗೆ ಕಲಿತ ಕರಡಿಯ ಕೊನೆ ಸಾಮಾನ್ಯವಾಗಿ ಗುಂಡಿನಿಂದಲೇ ಆಗುತ್ತದೆ. ಇನ್ನೊಬ್ಬರ ಗುಂಡು, ಇನ್ನೊಂದು ವರ್ಷ.

ಕೋವಿ ಅಂದು ನನ್ನ ಕೈಯಲ್ಲೇ ಇದ್ದಿದ್ದರೆ? ಅಲಾಸ್ಕಾದ ಕಾನೂನನ್ನು ಆಗ ಕುಳಿತು ಓದಿದೆ. ಪ್ರಾಣರಕ್ಷಣೆಗೆ ಕರಡಿಯನ್ನು ಕೊಲ್ಲಬಹುದು. ಆದರೆ ಕೊಂದವರೇ ಅದರ ಚರ್ಮವನ್ನು ಉಗುರುಗಳ ಸಮೇತ ಸುಲಿದು, ತಲೆಬುರುಡೆಯೊಂದಿಗೆ ರಾಜ್ಯಕ್ಕೆ ಒಪ್ಪಿಸಬೇಕು, 15 ದಿನದೊಳಗೆ ಲಿಖಿತ ವರದಿ ಕೊಡಬೇಕು. ಕರಡಿಯನ್ನು ಕೆಣಕಿದ್ದರೆ, ಅಥವಾ ಕಸ, ಆಹಾರ ಇಂಥವನ್ನು ಬೇಕಾಬಿಟ್ಟಿ ಬಿಟ್ಟು ಅದನ್ನು ಕರೆದುಕೊಂಡಿದ್ದರೆ ಆ ರಕ್ಷಣೆ ಸಿಗುವುದಿಲ್ಲ. ಬೇರಿಗೆ ಕಟ್ಟಿದ ಮೀನಿನ ಹಗ್ಗದ ಬಗ್ಗೆ ಆ ನಮೂನೆಯಲ್ಲಿ ನಾನು ಏನೆಂದು ಬರೆಯುತ್ತಿದ್ದೆ?

ಅಲ್ಲಿಂದ ನನ್ನ ಆಯ್ಕೆಯನ್ನು ಮತ್ತೆ ಮೊದಲಿನಿಂದ ಮಾಡಿದೆ. ಯಾವುದು ಹೆಚ್ಚು ಬಲವಾದದ್ದು ಎಂಬ ಪ್ರಶ್ನೆಯನ್ನು ಬದಿಗಿಟ್ಟೆ. ಎರಡೂ ಕೈ ಗಾಳದ ಕೋಲಿನಲ್ಲಿರುವಾಗ ನನ್ನ ಮೈಮೇಲೆ ಯಾವುದು ಇರುತ್ತದೆ, ಎರಡು ಸೆಕೆಂಡಿನಲ್ಲಿ ಯಾವುದು ಕೈಗೆ ಬರುತ್ತದೆ? ಕಂದು ಕರಡಿ ಓಡಿ ಬಂದರೆ ಗಂಟೆಗೆ 55 ಕಿಲೋಮೀಟರ್ ಆಸುಪಾಸು, ಅಂದರೆ ಸೆಕೆಂಡಿಗೆ 15 ಮೀಟರ್. ಮೂವತ್ತು ಮೀಟರ್ ದೂರದ ಪೊದೆಯಿಂದ ಹೊರಟರೆ ಎರಡೇ ಸೆಕೆಂಡು.

ನಮ್ಮವರು ತಮ್ಮ ಪಕ್ಷಕ್ಕೆ ಆಧಾರ ತಂದರು. ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮೊದಲಾದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ಅಧ್ಯಯನ. ಅಲಾಸ್ಕಾದಲ್ಲಿ 1985ರಿಂದ 2006ರವರೆಗೆ ಸ್ಪ್ರೇ ಬಳಸಿದ ಘಟನೆಗಳನ್ನು ಅವರು ಕಲೆಹಾಕಿದ್ದರು. ಕಂದು ಕರಡಿಯ ವಿಷಯದಲ್ಲಿ ಶೇ 92ರಷ್ಟು ಸಲ, ಕಪ್ಪು ಕರಡಿಯ ವಿಷಯದಲ್ಲಿ ಶೇ 90ರಷ್ಟು ಸಲ ಸ್ಪ್ರೇ ಕೆಲಸ ಮಾಡಿತ್ತು. ಸ್ಪ್ರೇ ಹಿಡಿದವರಲ್ಲಿ ಶೇ 98ರಷ್ಟು ಜನ ಗಾಯವಿಲ್ಲದೆ ಪಾರಾಗಿದ್ದರು. ಗಾಳಿ ಬೀಸಿದರೆ ಏನು ಗತಿ ಎಂದು ನಾನು ಕೇಳಿದ್ದಕ್ಕೂ ಅದರಲ್ಲಿ ಉತ್ತರವಿತ್ತು: ಗಾಳಿ ತೊಂದರೆ ಕೊಟ್ಟದ್ದು ಶೇ 7ರಷ್ಟು ಸಲ, ಆಗಲೂ ಮದ್ದು ಕರಡಿಯನ್ನು ತಲುಪಿತ್ತು. 2012ರಲ್ಲಿ ಸ್ಮಿತ್, ಹೆರೆರೊ ಮತ್ತು ಇತರರು ಬಂದೂಕಿನ ಬಗ್ಗೆ ಇನ್ನೊಂದು ಅಧ್ಯಯನ ಪ್ರಕಟಿಸಿದರು. 1883ರಿಂದ 2009ರವರೆಗಿನ 269 ಘಟನೆ. ಕೈಬಂದೂಕು ಶೇ 84ರಷ್ಟು, ಉದ್ದ ನಳಿಗೆಯದ್ದು ಶೇ 76ರಷ್ಟು ಸಲ ಫಲ ಕೊಟ್ಟಿತ್ತು. ಬಂದೂಕು ಬಳಸಿದವರಿಗೂ ಇದ್ದೂ ಬಳಸದವರಿಗೂ ಗಾಯದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಜಗಳವಾಡುವವರನ್ನು ನಾನು ಬಹಳ ನೋಡಿದ್ದೇನೆ. ಲೆಕ್ಕದವಳಾಗಿ ಹೇಳುತ್ತೇನೆ, ಹಾಗೆ ಇಡಬಾರದು. ಸ್ಪ್ರೇ ಲೆಕ್ಕದಲ್ಲಿ ಕುತೂಹಲದಿಂದ ಹತ್ತಿರ ಬಂದ ಕರಡಿಗಳೂ ಸಾಕಷ್ಟಿವೆ. ಬಂದೂಕಿನ ಲೆಕ್ಕದಲ್ಲಿ ಹೆಚ್ಚಿನವು ಮೈಮೇಲೆ ಬಿದ್ದ ಗಳಿಗೆಗಳು. ಎರಡು ಬೇರೆ ಖಾತೆಗಳ ಶಿಲ್ಕನ್ನು ಕೂಡಿಸಿದಂತೆ ಅದು. ನನಗೆ ಮುಖ್ಯವೆನಿಸಿದ್ದು ಬೇರೆ. ಬಂದೂಕು ಸೋತ ಕಡೆಗಳಲ್ಲಿ ಕಾರಣ ಹಲವು ಸಲ ಗುಂಡಿನ ಬಲ ಕಡಿಮೆಯಾದದ್ದಲ್ಲ. ತೆಗೆಯಲು ಸಮಯ ಸಾಲದ್ದು, ಸೇಫ್ಟಿ ಬಿಡದ್ದು, ತೋಟೆ ಸಿಕ್ಕಿಕೊಂಡದ್ದು, ಗುರಿ ತಪ್ಪಿದ್ದು. ಮರಕ್ಕೆ ಒರಗಿಸಿಟ್ಟ ನನ್ನ ಕೋವಿ ಆ ಸಾಲಿನಲ್ಲೇ ನಿಲ್ಲುತ್ತಿತ್ತು.

ಸೆಪ್ಟೆಂಬರ್‌ನಲ್ಲಿ ಬಾಡಿಗೆಗೆ ಕೈಬಂದೂಕು ಕೊಡುವ ಒಳಾಂಗಣ ಮೈದಾನಕ್ಕೆ ಹೋಗತೊಡಗಿದೆ. ಅಲ್ಲಿ ಕಲಿಸುವವರು ಒಬ್ಬ ಹೆಂಗಸು, ಹಿಂದೆ ಸೈನ್ಯದಲ್ಲಿದ್ದವರು. ಅವರು ಒಂದು ಸರಳ ಪರೀಕ್ಷೆ ಮಾಡಿಸಿದರು. ಎರಡೂ ಕೈಯಲ್ಲಿ ಪೊರಕೆಯ ಕೋಲನ್ನು ಗಾಳದಂತೆ ಹಿಡಿದು ನಿಲ್ಲಬೇಕು. ಗಡಿಯಾರ ಪೀಂ ಎಂದ ಕೂಡಲೇ ಕೋಲು ಬಿಟ್ಟು, ಆಯುಧ ತೆಗೆದು, ಏಳು ಮೀಟರ್ ದೂರದ ಊಟದ ತಟ್ಟೆಯಷ್ಟು ದೊಡ್ಡ ಗುರಿಗೆ ಮೂರು ಗುಂಡು.

ಮೊದಲು .44 ಮ್ಯಾಗ್ನಂ ರಿವಾಲ್ವರ್ (.44 ಎನ್ನುವುದು ಗುಂಡಿನ ಅಗಲವನ್ನು ಸೂಚಿಸುವ ಅಂಕಿ). 1955ರಲ್ಲಿ ಬಂದ ತೋಟೆ, ಅಲಾಸ್ಕಾದ ಮೀನುಗಾರರ ಹಳೆಯ ಸಂಗಾತಿ. ನಾನು ಹಿಡಿದ ರೂಗರ್ ರೆಡ್‌ಹಾಕ್ ಸುಮಾರು 1.3 ಕಿಲೋ. ಮೊದಲ ಗುಂಡು ಎರಡೂವರೆ ಸೆಕೆಂಡಿನಲ್ಲಿ ತಟ್ಟೆಯ ನಡುವಿಗೇ ಬಿತ್ತು. ಆದರೆ ಒದೆತಕ್ಕೆ ನಳಿಗೆ ಚಾವಣಿ ನೋಡಿತು. ಅದನ್ನು ಇಳಿಸಿ, ಮತ್ತೆ ಗುರಿ ಹಿಡಿದು, ಉದ್ದವಾದ ಆ ಟ್ರಿಗರನ್ನು ಎಳೆದು ಮೂರು ಮುಗಿಸುವಷ್ಟರಲ್ಲಿ ಆರು ಸೆಕೆಂಡು. ತಟ್ಟೆಯಲ್ಲಿ ಒಂದೇ ತೂತು. ನಾಲ್ಕು ವಾರ ಪ್ರಯತ್ನಿಸಿದೆ. ಐವತ್ನಾಲ್ಕು ಕಿಲೋ ಮೈಯಿರುವ ನನ್ನ ಮಣಿಕಟ್ಟು ಪ್ರತಿ ಭಾನುವಾರ ಊದಿಕೊಳ್ಳುತ್ತಿತ್ತು, ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುವ ಅಭ್ಯಾಸ ಶುರುವಾಯಿತು. ಇದಕ್ಕಿಂತ ದೊಡ್ಡದಾದ .454, .500 ರಿವಾಲ್ವರ್‌ಗಳನ್ನು ಗಾಜಿನ ಪೆಟ್ಟಿಗೆಯಲ್ಲೇ ಬಿಟ್ಟೆ. ಅಭ್ಯಾಸ ಮಾಡಲು ಹೆದರುವಂಥ ಆಯುಧ ಕಷ್ಟಕಾಲದಲ್ಲಿ ಕೈ ಹಿಡಿಯುವುದಿಲ್ಲ.

ಆಮೇಲೆ 10 ಮಿಲಿಮೀಟರ್ ಪಿಸ್ತೂಲು, ಗ್ಲಾಕ್ 20. ಗ್ರೀನ್‌ಲ್ಯಾಂಡಿನ ಹಿಮದಲ್ಲಿ ನಾಯಿಗಾಡಿಯ ಮೇಲೆ ಗಸ್ತು ತಿರುಗುವ ಡೆನ್ಮಾರ್ಕಿನ ಸಿರಿಯಸ್ ಪಡೆಯವರು ಹಿಮಕರಡಿಗಳ ನಾಡಿನಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳುವುದು ಇದನ್ನೇ. ಒಂದೊಂದು ಗುಂಡಿನ ಬಲದಲ್ಲಿ .44ಕ್ಕೆ ಇದು ಸಮನಲ್ಲ, ಅದನ್ನು ಮುಚ್ಚಿಟ್ಟು ಮಾತನಾಡಬಾರದು. ಆದರೆ ಒಳಗೆ ಹದಿನೈದು ತೋಟೆ ಹಿಡಿಯುತ್ತದೆ, ಒದೆತ ನನ್ನ ಕೈ ತಡೆಯುವಷ್ಟೇ ಇದೆ. ಮೊದಲ ದಿನ ಐವತ್ತು ಗುಂಡಿನಲ್ಲಿ ಎರಡು ಸಲ ಖಾಲಿ ತೋಟೆ ಹೊರಬೀಳದೆ ಸಿಕ್ಕಿಕೊಂಡಿತು. ಮಣಿಕಟ್ಟು ಸಡಿಲ ಬಿಟ್ಟರೆ ಇಂಥ ಪಿಸ್ತೂಲು ಹಾಗೆ ಮಾಡುತ್ತದೆ ಎಂದು ಕಲಿಸುವವರು ನನ್ನ ಮೊಣಕೈಯನ್ನು ತಾವೇ ಹಿಡಿದು ಬಿಗಿ ತೋರಿಸಿದರು. ಹಿಡಿ ನನ್ನ ಅಂಗೈಗೆ ದಪ್ಪವಾಗಿತ್ತು. ತುಸು ಸಣ್ಣ ಹಿಡಿಯ ಎಸ್‌ಎಫ್ ಮಾದರಿಗೆ ಬದಲಾಯಿಸಿದ ಮೇಲೆ ಸಿಕ್ಕಿಕೊಳ್ಳುವುದು ನಿಂತಿತು. ಡಿಸೆಂಬರ್ ಹೊತ್ತಿಗೆ ನಾಲ್ಕು ಸೆಕೆಂಡಿನೊಳಗೆ ಮೂರು ಗುಂಡು, ಮೂರೂ ತಟ್ಟೆಯೊಳಗೆ. ತೋಟೆ ಗಟ್ಟಿ ಸೀಸದ, ಚಪ್ಪಟೆ ಮೂತಿಯ, 220 ಗ್ರೇನಿನದು, ಅಂದರೆ ಗುಂಡಿನ ತೂಕ ಸುಮಾರು 14 ಗ್ರಾಂ. ಮನುಷ್ಯರಿಂದ ರಕ್ಷಣೆಗೆಂದು ಮಾರುವ, ಮೈಯೊಳಗೆ ಹೂವಿನಂತೆ ಅರಳುವ ಗುಂಡು ಇಲ್ಲಿ ಬೇಡ.

ಕೊನೆಯ ವಾರ ಅವರು ಅಭ್ಯಾಸದ ಸ್ಪ್ರೇ ಡಬ್ಬಿ ಕೊಟ್ಟರು. ಮೆಣಸಿಲ್ಲದ, ಬರೀ ಗಾಳಿ ಮತ್ತು ನೀರಿನದ್ದು. ಅದೇ ಪೀಂ ಸದ್ದು, ಅದೇ ಪೊರಕೆಯ ಕೋಲು. ಒಂದೂವರೆ ಸೆಕೆಂಡು. ಗುರಿ ಹಿಡಿಯಬೇಕಾಗಿಯೇ ಇಲ್ಲ. ಮುಂದೆ, ತುಸು ಕೆಳಗೆ ಚಿಮ್ಮಿಸಿದರೆ ಮೋಡ ತಾನೇ ಎದ್ದು ಗೋಡೆ ಕಟ್ಟುತ್ತದೆ. ನಾನು ನಾಲ್ಕು ತಿಂಗಳು ಬೆವರು ಸುರಿಸಿ ಸಂಪಾದಿಸಿದ ವೇಗಕ್ಕಿಂತ, ಮೊದಲ ಸಲ ಹಿಡಿದ ಡಬ್ಬಿ ಬೇಗ ಬಂತು. ಜೊತೆಗೆ, ರಷ್ಯನ್ ರಿವರಿನ ಸಂಗಮದಲ್ಲಿ ನೂರು ಜನ ಸಾಲಾಗಿ ನಿಂತಿರುವಾಗ 28 ಗ್ರಾಂ ಸೀಸ ಕರಡಿಗೆ ತಾಗದಿದ್ದರೆ ಯಾರಿಗೆ ತಾಗುತ್ತದೆ? ಮೆಣಸಿನ ಮೋಡ ಪಕ್ಕದವರ ಮೇಲೆ ಹೋದರೆ ಅವರು ಒಂದು ಗಂಟೆ ಅಳುತ್ತಾರೆ, ಅಷ್ಟೇ.

ಅಂದು ರಾತ್ರಿ ನಮ್ಮವರಿಗೆ ಹೇಳಿದೆ: "ಹೊಳೆಯಲ್ಲಿ ನೀವು ಹೇಳಿದ್ದೇ ಸರಿ." ಅವರು ಗೆದ್ದೆ ಎನ್ನಲಿಲ್ಲ. "ಡೇರೆಯ ಒಳಗೆ, ರಾತ್ರಿ ಎರಡು ಗಂಟೆಗೆ ನಾನು ಸ್ಪ್ರೇ ಒತ್ತಿದರೆ ಮೊದಲು ಕಣ್ಣು ಹೋಗುವುದು ನಮ್ಮಿಬ್ಬರದೇ. ಅಲ್ಲಿ ನೀನು ಹೇಳಿದ್ದು ಸರಿ" ಎಂದರು. ಹಾಗೆ ಹಂಚಿಕೊಂಡೆವು. ಸ್ಪ್ರೇ ಇಬ್ಬರ ಎದೆಯ ಮೇಲೂ, ಯಾವಾಗಲೂ, ಮೊದಲ ಆಯುಧವಾಗಿ. ಪಿಸ್ತೂಲು ನನ್ನ ಎದೆಪಟ್ಟಿಯಲ್ಲಿ, ಜನವಿಲ್ಲದ ಕಾಡಿಗೆ ಹೋಗುವಾಗ ಮಾತ್ರ. ಸೊಂಟಕ್ಕೆ ಕಟ್ಟಿದರೆ ಎದೆಮಟ್ಟದ ರಬ್ಬರ್ ಉಡುಪಿನೊಳಗೆ ಹೂತುಹೋಗುತ್ತದೆ, ಬೆನ್ನಚೀಲದ ಪಟ್ಟಿಯೂ ಅಡ್ಡ ಬರುತ್ತದೆ. ಹಿಡಿ ಕತ್ತರಿಸಿದ ಶಾಟ್‌ಗನ್ ಡೇರೆಯಲ್ಲಿ ರಾತ್ರಿಗೆ, ನಮ್ಮಿಬ್ಬರ ನಡುವೆ, ತೋಟೆ ಮ್ಯಾಗಜೀನಿನಲ್ಲಿ, ನಳಿಗೆ ಖಾಲಿ. ಅವರಿಗೂ ಅದನ್ನು ಕಲಿಸಿದೆ. ಮೊದಲ ಪಾಠ ಅಪ್ಪಯ್ಯನದೇ.

ಸಿಯಾಟಲ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗ ಇದನ್ನೆಲ್ಲ ಕೇಳಿ ತಾನೂ ಪಿಸ್ತೂಲು ಕೊಂಡು ಕಾರಿನಲ್ಲಿ ಬರುತ್ತೇನೆ ಎಂದ. ಬೇಡ ಎಂದೆ. ನಡುವೆ ಕೆನಡಾ ಇದೆ, ಪ್ರವಾಸಿಗರು ಕರಡಿಯ ಭಯಕ್ಕೆಂದು ಅಲ್ಲಿಗೆ ಕೈಬಂದೂಕು ಒಯ್ಯುವಂತಿಲ್ಲ. ಸಾಮಾನ್ಯ ಉದ್ದ ಕೋವಿಯಾದರೆ ಗಡಿಯಲ್ಲಿ ನಮೂನೆ ತುಂಬಿ ಶುಲ್ಕ ಕಟ್ಟಿ ತರಬಹುದು. ವಿಮಾನದಲ್ಲಿ ಬಂದರೆ ಕರಡಿ ಸ್ಪ್ರೇಯನ್ನು ಕೈಚೀಲದಲ್ಲೂ ಇಡುವಂತಿಲ್ಲ, ಒಪ್ಪಿಸುವ ಪೆಟ್ಟಿಗೆಯಲ್ಲೂ ಇಡುವಂತಿಲ್ಲ. ಇಲ್ಲಿಗೆ ಬಂದು ಕೊಂಡುಕೊಳ್ಳುವುದೇ ದಾರಿ.

ಮರುವರ್ಷದ ಜೂನ್‌ನಲ್ಲಿ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನದಲ್ಲಿ ದೂರದ ಸರೋವರವೊಂದಕ್ಕೆ ಹೋದೆವು. ಡಬ್ಬಿ ಒಳಗೆ ಸೋರಿದರೆ ಪೈಲಟ್ ಕುರುಡಾಗುತ್ತಾರೆಂದು ನಮ್ಮ ಸ್ಪ್ರೇಗಳನ್ನು ಅವರು ವಿಮಾನದ ದೋಣಿಯಂಥ ಕಾಲಿನೊಳಗಿನ ಖಾನೆಯಲ್ಲಿ ಇಟ್ಟರು. ಅಡುಗೆ ಒಂದು ಕಡೆ, ಡೇರೆ ನೂರು ಹೆಜ್ಜೆ ಆಚೆ, ಊಟದ ಸಾಮಾನು ಕರಡಿಗೆ ತೆರೆಯಲಾಗದ ಡಬ್ಬದಲ್ಲಿ ಇನ್ನೊಂದು ಕಡೆ. ಡೇರೆಯ ಸುತ್ತ ಬ್ಯಾಟರಿಯ ವಿದ್ಯುತ್ ಬೇಲಿ, ಊರಿನಲ್ಲಿ ಆನೆಗೆ ಹಾಕುವ ಸೋಲಾರ್ ಬೇಲಿಯ ಪುಟ್ಟ ತಂಗಿ. ನಿಜ ಹೇಳಬೇಕೆಂದರೆ ರಾತ್ರಿ ನಿದ್ದೆ ತಂದದ್ದು ಕೋವಿಗಿಂತ ಆ ಎರಡು ಎಳೆ ತಂತಿ.

ಮೂರನೆಯ ದಿನ ಬೆಳಿಗ್ಗೆ ನಾನೊಬ್ಬಳೇ ನೀರು ತರಲು ಹೋಗಿದ್ದೆ. ದಡದ ತಿರುವಿನಲ್ಲಿ ಕರಡಿ. ಪ್ರಾಯಕ್ಕೆ ಬರುತ್ತಿರುವ, ತಾಯಿಯಿಂದ ಈಚೆಗಷ್ಟೇ ಬೇರೆಯಾದ ವಯಸ್ಸಿನದು, ಕಾಲು ಉದ್ದ, ಕಿವಿ ದೊಡ್ಡದು. ತಲೆ ಎತ್ತಿ ನೋಡಿತು, ನನ್ನ ಕಡೆಗೇ ನಡೆದು ಬಂತು. ಓಡಬಾರದು ಎಂದು ಕಾಲಿಗೆ ಹೇಳಿದೆ. "ಬೇಡ ಮಾರಾಯ, ಆ ಕಡೆ ಹೋಗು, ಈ ಕಡೆ ನಾವಿದ್ದೇವೆ" ಎಂದು ಗಟ್ಟಿಯಾಗಿ ಕನ್ನಡದಲ್ಲೇ ಮಾತನಾಡಿದೆ. ಬಕೆಟ್ ಯಾವಾಗ ಕೆಳಗಿಟ್ಟೆನೋ ತಿಳಿಯದು. ನೋಡಿಕೊಂಡಾಗ ಬಲಗೈಯಲ್ಲಿ ಸ್ಪ್ರೇ ಇತ್ತು, ಹೆಬ್ಬೆರಳು ಕ್ಲಿಪ್ಪನ್ನು ಆಗಲೇ ಕಿತ್ತಿತ್ತು. ಪಿಸ್ತೂಲು ಅದರ ಪಕ್ಕದಲ್ಲೇ, ಒಂದು ಗೇಣು ದೂರದಲ್ಲಿತ್ತು. ಕೈ ಅದನ್ನು ದಾಟಿಕೊಂಡು ಹೋಗಿತ್ತು.

ಇಪ್ಪತ್ತು ಮೀಟರ್ ಹತ್ತಿರದಲ್ಲಿ ಅದು ನಿಂತಿತು. ಗಾಳಿ ನನ್ನ ಬೆನ್ನ ಕಡೆಯಿಂದ ಅದರ ಕಡೆಗೆ ಬೀಸುತ್ತಿತ್ತು. ಮೂಗೆತ್ತಿ ವಾಸನೆ ಹಿಡಿದು, ಪಕ್ಕಕ್ಕೆ ತಿರುಗಿ, ಅವಸರವಿಲ್ಲದೆ ನೀರಿಗಿಳಿದು ಈಜಿಕೊಂಡು ಆಚೆ ದಡಕ್ಕೆ ಹೋಯಿತು. ಒಂದು ಹನಿ ಮೆಣಸೂ ಖರ್ಚಾಗಲಿಲ್ಲ. ಅದು ಮೈ ಕೊಡವಿದಾಗ ಹಾರಿದ ನೀರು ಬಿಸಿಲಿಗೆ ಹೊಳೆದದ್ದನ್ನು ನೋಡುತ್ತಾ ಎಷ್ಟು ಹೊತ್ತು ನಿಂತಿದ್ದೆನೋ, ನಮ್ಮವರು ಹುಡುಕಿಕೊಂಡು ಬಂದರು.

ಭಾನುವಾರ ಫೋನಿನಲ್ಲಿ ಅಪ್ಪಯ್ಯನಿಗೆ ಎಲ್ಲ ಹೇಳಿದೆ. ಅವರು ಕರಡಿಯ ಬಗ್ಗೆ ಕೇಳುವ ಮೊದಲು ಕೇಳಿದ್ದು, "ಊರಿಗೆ ವಾಪಸು ಬಂದ ಮೇಲೆ ಎಲ್ಲವನ್ನೂ ಖಾಲಿ ಮಾಡಿ ನೋಡಿದೆಯಾ?" ನೋಡಿದ್ದೆ, ನನ್ನ ಕಣ್ಣಿನಿಂದಲೇ.

ಈಗ ಮತ್ತೆ ಏಪ್ರಿಲ್. ನಮ್ಮ ಎರಡೂ ಡಬ್ಬಿಗಳ ತಳದಲ್ಲಿ ಅಚ್ಚಾದ ಅವಧಿ ಈ ಬೇಸಿಗೆಗೆ ಮುಗಿಯುತ್ತದೆ. ನಾಲ್ಕು ವರ್ಷ ಕಳೆದರೆ ಒಳಗಿನ ಒತ್ತಡ ಇಳಿದಿರುತ್ತದೆ, ದೂರಕ್ಕೆ ಚಿಮ್ಮುವುದಿಲ್ಲ. ಹೊಸದನ್ನು ತಂದು, ಹಳೆಯದನ್ನು ಊರಾಚೆ ಗಾಳಿಯ ದಿಕ್ಕು ನೋಡಿ ಒತ್ತಿ ಅಭ್ಯಾಸ ಮಾಡಬೇಕು. ಪಕ್ಕದ ಮನೆಯ ಅಜ್ಜಿಯೂ ಬರುತ್ತಾರಂತೆ. ಮೀನು ಪೋಣಿಸುವ ಹಗ್ಗವನ್ನು ಈ ಸಲ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ, ಒಂದೇ ಎಳೆತಕ್ಕೆ ಬಿಚ್ಚುವಂಥ ಕೊಂಡಿಗೆ ಬದಲಾಯಿಸಿದ್ದೇನೆ.